ಹೆಜ್ಜೆಗೆ ಬರೆದ ಮಾರ್ಚ್, ಕಿವಿಗೆ ಬರೆದ ಮಾರ್ಚ್

ಮಾರ್ಚ್ ಎಂದರೆ ಸೈನಿಕರ ನಡಿಗೆಯ ಲಯಕ್ಕೆ ಹೊಂದುವ ಬ್ಯಾಂಡ್ ಸಂಗೀತ. ಅಮೆರಿಕದ ರಾಷ್ಟ್ರೀಯ ಮಾರ್ಚ್ ಎಂದು 1987ರಲ್ಲಿ ಕಾನೂನಿನ ಮೂಲಕ ಘೋಷಿತವಾದ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’ ಯಾವ ಶ್ರುತಿಯಲ್ಲಿ ಆರಂಭವಾಗುತ್ತದೆಯೋ ಆ ಶ್ರುತಿಯಲ್ಲಿ ಮುಗಿಯುವುದಿಲ್ಲ. ಸುಮಾರು ಮೂರೂವರೆ ನಿಮಿಷದ ಆ ರಚನೆ ನಡುದಾರಿಯಲ್ಲಿ ತನ್ನ ಷಡ್ಜವನ್ನು ಬಿಟ್ಟು, ಮಧ್ಯಮವನ್ನೇ ಹೊಸ ಷಡ್ಜವಾಗಿ ಹಿಡಿದು, ಹೊರಟ ಜಾಗಕ್ಕೆ ಮರಳದೆ ಅಲ್ಲಿಯೇ ಕೊನೆಗೊಳ್ಳುತ್ತದೆ. ಇದಕ್ಕೆ ಪ್ರತಿಯಾಗಿ, ಲಂಡನ್ನಿನ ಅರಮನೆಯ ಕಾವಲು ಪಡೆ ರಸ್ತೆಗಿಳಿದಾಗ ಕೇಳಿಬರುವ ‘ದಿ ಬ್ರಿಟಿಷ್ ಗ್ರೆನೇಡಿಯರ್ಸ್’ ಒಂದು ಪುಟ್ಟ ಹಳೆಯ ಹಾಡಿನ ಧಾಟಿ. ಅದು ಮುಗಿದೊಡನೆ ಮತ್ತೆ ಮೊದಲಿಗೆ ಬರುತ್ತದೆ, ತುಕಡಿ ಎಷ್ಟು ದೂರ ನಡೆಯಬೇಕೋ ಅಷ್ಟು ಸಲ ಬರುತ್ತದೆ. ಎರಡನ್ನೂ ನಾವು ಮಾರ್ಚ್ ಎಂದೇ ಕರೆಯುತ್ತೇವೆ. ಎರಡಕ್ಕೂ ಎಡಗಾಲು ಬಲಗಾಲು ಒಂದೇ ಬಗೆಯಲ್ಲಿ ಬೀಳುತ್ತವೆ. ಆದರೆ ಒಂದರ ಆಕಾರವನ್ನು ನಿರ್ಧರಿಸಿದ್ದು ಕವಾಯತು ಮೈದಾನ, ಇನ್ನೊಂದರ ಆಕಾರವನ್ನು ನಿರ್ಧರಿಸಿದ್ದು ಕುಳಿತು ಕೇಳುವ ಶ್ರೋತೃವರ್ಗ. ಈ ಎರಡು ದೇಶಗಳ ಮಾರ್ಚ್‌ಗಳ ನಡುವೆ ಕಾಣುವ ಹೆಚ್ಚಿನ ಭೇದಗಳ ಮೂಲ ಇಲ್ಲಿಯೇ ಇದೆ ಎಂಬುದು ಈ ಲೇಖನದ ವಾದ.

ಮೊದಲು ಹೆಜ್ಜೆಯ ಲೆಕ್ಕವನ್ನು ನೋಡೋಣ. ಅಮೆರಿಕದ ಸೇನೆಯ ಸಾಮಾನ್ಯ ವೇಗದ ನಡಿಗೆಯಲ್ಲಿ ನಿಮಿಷಕ್ಕೆ 120 ಹೆಜ್ಜೆಗಳಿದ್ದು, ಪ್ರತಿ ಹೆಜ್ಜೆ 30 ಅಂಗುಲ ಉದ್ದದ್ದಾಗಿರುತ್ತದೆ. ಬ್ರಿಟಿಷ್ ಪದಾತಿ ದಳದ ಹೆಜ್ಜೆಯೂ 30 ಅಂಗುಲವೇ. ವೇಗ ಮಾತ್ರ ತುಸು ಕಡಿಮೆ, ನಿಮಿಷಕ್ಕೆ ಸುಮಾರು 116. ಮಾರ್ಚ್ ಸಂಗೀತದ ಒಂದು ಖಂಡ ಸಾಮಾನ್ಯವಾಗಿ 16 ಆವರ್ತಗಳದ್ದು, ಪ್ರತಿ ಆವರ್ತಕ್ಕೆ ಎರಡು ಏಟು, ಪ್ರತಿ ಏಟಿಗೆ ಒಂದು ಪಾದ. ಅಂದರೆ ಒಂದು ಖಂಡ ಮುಗಿಯುವಷ್ಟರಲ್ಲಿ ಸೈನಿಕ 32 ಹೆಜ್ಜೆ ಇಟ್ಟು 80 ಅಡಿ ದೂರ ಸಾಗಿರುತ್ತಾನೆ. ಅಮೆರಿಕನ್ ವೇಗದಲ್ಲಿ ಇದಕ್ಕೆ ಸರಿಯಾಗಿ 16 ಸೆಕೆಂಡು ಬೇಕು, ಬ್ರಿಟಿಷ್ ವೇಗದಲ್ಲಿ ಹದಿನಾರೂವರೆ. ಅರ್ಧ ಸೆಕೆಂಡಿನ ಈ ಅಂತರ ನಗಣ್ಯವೆಂದು ತೋರಬಹುದಾದರೂ, ಮೂರು ನಿಮಿಷ ಕೇಳಿದಾಗ ಒಂದರಲ್ಲಿ ಮುನ್ನುಗ್ಗುವ ಲವಲವಿಕೆ, ಇನ್ನೊಂದರಲ್ಲಿ ಎದೆಯುಬ್ಬಿಸಿ ನಡೆಯುವ ಗಾಂಭೀರ್ಯ ಸ್ಪಷ್ಟವಾಗಿ ಬೇರೆಯಾಗಿ ಕೇಳಿಸುತ್ತವೆ. ಹೀಗೆಂದು ಬ್ರಿಟಿಷರೆಲ್ಲರೂ ನಿಧಾನಿಗಳೆಂದು ತಿಳಿಯಬಾರದು. ಅವರ ಲಘು ಪದಾತಿ ದಳಗಳು ಮತ್ತು ರೈಫಲ್ ಪಡೆಗಳು ನಿಮಿಷಕ್ಕೆ 140 ಹೆಜ್ಜೆಯಂತೆ ನಡೆಯುತ್ತವೆ; ಅದೇ 80 ಅಡಿಯನ್ನು ಅವರು ಹದಿನಾಲ್ಕು ಸೆಕೆಂಡಿನೊಳಗೆ ದಾಟುತ್ತಾರೆ. ಬ್ರಿಟನ್ನಿನಲ್ಲಿ ಮಾರ್ಚ್‌ನ ವೇಗವೇ ಯಾವ ಪಡೆ ಬರುತ್ತಿದೆ ಎಂಬುದನ್ನು ಕಣ್ಣಿಗೆ ಕಾಣುವ ಮೊದಲೇ ಹೇಳಿಬಿಡುತ್ತದೆ. ಅಮೆರಿಕದಲ್ಲಿ ವೇಗಕ್ಕೆ ಆ ಕೆಲಸವಿಲ್ಲ.

ಇನ್ನೂ ದೊಡ್ಡ ಭೇದವಿರುವುದು ನಿಧಾನ ನಡಿಗೆಯಲ್ಲಿ. ನಿಮಿಷಕ್ಕೆ ಸುಮಾರು 65 ಹೆಜ್ಜೆಗಳ ಈ ನಡಿಗೆಯಲ್ಲಿ ಒಂದು ಪಾದ ನೆಲ ಬಿಟ್ಟು ಇನ್ನೊಂದರ ಮುಂದೆ ಬಂದು ನೆಲ ಮುಟ್ಟುವವರೆಗೆ ದೇಹದ ಭಾರವೆಲ್ಲ ಒಂದೇ ಕಾಲಿನ ಮೇಲಿರುತ್ತದೆ. ಸಾಲಿನಲ್ಲಿ ಒಬ್ಬ ತೂಗಾಡಿದರೂ ಅದು ದೂರಕ್ಕೆ ಕಾಣುತ್ತದೆ. ಲಂಡನ್ನಿನಲ್ಲಿ ಪ್ರತಿ ಜೂನ್ ತಿಂಗಳಲ್ಲಿ ನಡೆಯುವ ‘ಟ್ರೂಪಿಂಗ್ ದಿ ಕಲರ್’ ಸಮಾರಂಭದಲ್ಲಿ ಕಾವಲು ಪಡೆಗಳು ದೊರೆಯ ಮುಂದೆ ಮೊದಲು ನಿಧಾನ ನಡಿಗೆಯಲ್ಲಿ ಸಾಗಿ, ಅನಂತರ ವೇಗದ ನಡಿಗೆಯಲ್ಲಿ ಮತ್ತೊಮ್ಮೆ ಹಾದುಹೋಗುತ್ತವೆ. ಈ ನಡಿಗೆಗೆ ಬೇಕಾದ ಸಂಗೀತದಲ್ಲಿ ಏಟಿಗಿಂತ ಎಳೆದ ಸ್ವರಕ್ಕೆ ಪ್ರಾಧಾನ್ಯ ಹೆಚ್ಚು, ಆದ್ದರಿಂದ ಬ್ರಿಟಿಷ್ ಪಡೆಗಳು ಗೀತನಾಟಕಗಳ ಕಡೆಗೆ ಕೈಚಾಚಿದವು. ಗ್ರೆನೇಡಿಯರ್ ಗಾರ್ಡ್ಸ್‌ನವರ ನಿಧಾನ ಮಾರ್ಚ್ ಹ್ಯಾಂಡೆಲ್ 1726ರಲ್ಲಿ ರಂಗಕ್ಕೆ ತಂದ ‘ಶಿಪಿಯೋನೆ’ ಆಪೆರಾದಿಂದ ಬಂದದ್ದು. ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್‌ನವರದ್ದು ಮೊಜಾರ್ಟ್‌ನ ‘ಫಿಗರೋನ ಮದುವೆ’ಯ ಒಂದು ಹಾಡು. ಆ ಹಾಡಿನ ಸಂದರ್ಭವನ್ನು ತಿಳಿದವರಿಗೆ ಈ ಆಯ್ಕೆ ಇನ್ನಷ್ಟು ಹಿಡಿಸುತ್ತದೆ: ಹೆಣ್ಣುಗಳ ಹಿಂದೆ ಸುತ್ತುತ್ತಿದ್ದ ಹುಡುಗನೊಬ್ಬನನ್ನು ಸೈನ್ಯಕ್ಕೆ ಕಳುಹಿಸುವಾಗ, ಇನ್ನು ನಿನ್ನ ಸುಖದ ದಿನಗಳು ಮುಗಿದವು, ಇನ್ನೇನಿದ್ದರೂ ಕೆಸರು, ಬಂದೂಕು, ನಡಿಗೆ ಎಂದು ಫಿಗರೋ ಹಾಡುವ ಹಾಡದು. ಅಮೆರಿಕದ ಸೇನೆಯಲ್ಲಿ ಶವಯಾತ್ರೆಯಂಥ ಸಂದರ್ಭಗಳನ್ನು ಬಿಟ್ಟರೆ ನಿಧಾನ ನಡಿಗೆಗೆ ಇಂಥ ಸ್ಥಾನವಿಲ್ಲ. ಹಾಗಾಗಿ ಅದಕ್ಕೆ ತಕ್ಕ ಸಂಗೀತದ ದೊಡ್ಡ ಪರಂಪರೆಯೂ ಅಲ್ಲಿ ಬೆಳೆಯಲಿಲ್ಲ. ಭಾರತಕ್ಕೆ ಬಂದದ್ದು ಬ್ರಿಟಿಷ್ ಪದ್ಧತಿಯಾದ್ದರಿಂದ ನಮ್ಮಲ್ಲಿ ಅದು ಉಳಿದಿದೆ. ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದ ಕೆಡೆಟ್‌ಗಳು ಚೆಟ್‌ವುಡ್ ಕಟ್ಟಡದ ಮೆಟ್ಟಿಲೇರಿ ‘ಅಂತಿಮ್ ಪಗ್’ (ಕೊನೆಯ ಹೆಜ್ಜೆ) ದಾಟುವುದು ‘ಆಲ್ಡ್ ಲ್ಯಾಂಗ್ ಸೈನ್’ ಎಂಬ ಸ್ಕಾಟಿಷ್ ಧಾಟಿಗೆ, ನಿಧಾನ ನಡಿಗೆಯಲ್ಲಿ.

ಬ್ರಿಟಿಷ್ ಪದ್ಧತಿಯಲ್ಲಿ ಮಾರ್ಚ್ ಎಂಬುದು ಪಡೆಯ ಗುರುತು. ಪ್ರತಿ ರೆಜಿಮೆಂಟಿಗೂ ಅಧಿಕೃತವಾಗಿ ಒಪ್ಪಿತವಾದ ವೇಗದ ಮಾರ್ಚ್ ಇರುತ್ತದೆ, ಹಲವಕ್ಕೆ ನಿಧಾನ ಮಾರ್ಚ್ ಕೂಡ ಇರುತ್ತದೆ. ಅವುಗಳಲ್ಲಿ ಹೆಚ್ಚಿನವನ್ನು ಮಾರ್ಚ್ ಆಗಲೆಂದು ಯಾರೂ ಬರೆದವರಲ್ಲ: ಜನಪದ ಗೀತೆ, ನಾಟಕದ ಹಾಡು, ಕುಣಿತದ ಧಾಟಿ, ರಾಜಕೀಯ ಲಾವಣಿ, ಹೀಗೆ ಎಲ್ಲೆಲ್ಲಿಂದಲೋ ಬಂದವು. ಬ್ರಿಟಿಷ್ ನೌಕಾಪಡೆಯ ಸೈನಿಕರಾದ ರಾಯಲ್ ಮರೀನ್ಸ್‌ನವರು 1882ರಿಂದ ತಮ್ಮದಾಗಿಸಿಕೊಂಡ ‘ಎ ಲೈಫ್ ಆನ್ ದಿ ಓಷನ್ ವೇವ್’ ಹಾಡಿಗೆ ರಾಗ ಹಾಕಿದವನು ಹೆನ್ರಿ ರಸೆಲ್ ಎಂಬ ಇಂಗ್ಲಿಷ್ ಗಾಯಕನಾದರೆ, ಸಾಹಿತ್ಯ ಬರೆದವನು ಎಪ್ಸ್ ಸಾರ್ಜೆಂಟ್ ಎಂಬ ಅಮೆರಿಕನ್ ಕವಿ. ಹಾಡು ಎಲ್ಲಿಯದು ಎಂಬುದಕ್ಕಿಂತ ಅದರ ಹಿಂದೆ ಯಾರು ನಡೆಯುತ್ತಾರೆ ಎಂಬುದೇ ಅಲ್ಲಿ ಮುಖ್ಯ. ಆದ್ದರಿಂದಲೇ 1881ರ ಸೇನಾ ಸುಧಾರಣೆಯಲ್ಲಿ ಹಳೆಯ ಪಡೆಗಳನ್ನು ಜೋಡಿಸಿದಾಗ ಲಾಂಛನ, ಸಮವಸ್ತ್ರಗಳ ಜೊತೆಗೆ ಮಾರ್ಚ್ ಯಾವುದು ಎಂಬ ಪ್ರಶ್ನೆಯೂ ಎದ್ದಿತು, ಮತ್ತು 2006ರಲ್ಲಿ ಸ್ಕಾಟ್ಲೆಂಡಿನ ಪದಾತಿ ಪಡೆಗಳು ಒಂದೇ ರೆಜಿಮೆಂಟಾದಾಗ ‘ಸ್ಕಾಟ್ಲೆಂಡ್ ದಿ ಬ್ರೇವ್’ ಎಂಬ, ಎಲ್ಲರಿಗೂ ಸೇರಿದ ಧಾಟಿಯನ್ನು ಆರಿಸಿಕೊಳ್ಳಬೇಕಾಯಿತು.

ಇಂಥ ಮಾರ್ಚ್‌ಗಳು ಚಿಕ್ಕದಾಗಿರುವುದಕ್ಕೂ ತಿರುಗಿ ಮೊದಲಿಗೆ ಬರುವುದಕ್ಕೂ ಕಾರಣ ಇಷ್ಟರಲ್ಲಿಯೇ ತಿಳಿಯುತ್ತದೆ. ಪಡೆಯೊಂದು ವೇದಿಕೆಯ ಮುಂದೆ ಹಾದುಹೋಗಲು ಒಮ್ಮೆ ಅರ್ಧ ನಿಮಿಷ ಸಾಕಾದೀತು, ಇನ್ನೊಮ್ಮೆ ನಾಲ್ಕು ನಿಮಿಷ ಹಿಡಿದೀತು. ಸಂಗೀತ ಎಲ್ಲಿ ಬೇಕಾದರೂ ನಿಲ್ಲುವಂತಿರಬೇಕು, ಎಷ್ಟು ಸಲ ಬೇಕಾದರೂ ಮರಳುವಂತಿರಬೇಕು, ಮತ್ತು ಯಾವ ಕ್ಷಣದಲ್ಲಿ ಕಿವಿಗೆ ಬಿದ್ದರೂ ಇದು ಇಂಥ ಪಡೆಯದೆಂದು ಗೊತ್ತಾಗಬೇಕು. ನಿಲ್ಲುವ ಸೂಚನೆ ದೊಡ್ಡ ಡ್ರಮ್ಮಿನ ಜೋಡಿ ಏಟಿನಿಂದ ಬರುತ್ತದೆ. ಅದನ್ನು ಕೇಳಿದೊಡನೆ ವಾದಕರೆಲ್ಲರೂ ಆ ಪದಗುಚ್ಛದ ಕೊನೆಯಲ್ಲಿ ಒಟ್ಟಿಗೆ ನಿಲ್ಲಿಸುತ್ತಾರೆ. ಪರಾಕಾಷ್ಠೆಗಾಗಿ ಕಾಯುವ ಸಂಗೀತ ಈ ಕೆಲಸಕ್ಕೆ ಒದಗುವುದಿಲ್ಲ.

ಬ್ರಿಟಿಷ್ ಬ್ಯಾಂಡುಗಳ ನಾದದಲ್ಲಿ ಕಾಣುವ ಏಕರೂಪತೆಗೆ ಒಂದು ನಿರ್ದಿಷ್ಟ ಚಾರಿತ್ರಿಕ ಕಾರಣವಿದೆ. 1854ರಲ್ಲಿ, ಕ್ರಿಮಿಯಾ ಯುದ್ಧದ ಸಮಯದಲ್ಲಿ, ತುರ್ಕಿಯ ಸ್ಕುಟಾರಿಯಲ್ಲಿ ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ಕವಾಯತು ನಡೆದಾಗ ಅಲ್ಲಿದ್ದ ಬ್ಯಾಂಡುಗಳೆಲ್ಲ ಸೇರಿ ರಾಷ್ಟ್ರಗೀತೆಯನ್ನು ನುಡಿಸಿದವು. ಪ್ರತಿ ಪಡೆಯ ವಾದ್ಯಗಳ ಶ್ರುತಿ ಬೇರೆ, ಸ್ವರಲಿಪಿ ಬೇರೆ; ಮಿತ್ರ ರಾಷ್ಟ್ರಗಳ ಅಧಿಕಾರಿಗಳ ಎದುರಿನಲ್ಲಿ ಹೊಮ್ಮಿದ್ದು ಕರ್ಕಶವಾದ ಗದ್ದಲ. ಅದರ ಪರಿಣಾಮವಾಗಿ ಕೇಂಬ್ರಿಡ್ಜಿನ ಡ್ಯೂಕ್‌ನ ಪ್ರಯತ್ನದಿಂದ 1857ರಲ್ಲಿ ಲಂಡನ್ನಿನ ಹೊರವಲಯದ ನೆಲರ್ ಹಾಲ್‌ನಲ್ಲಿ ಸೇನಾ ಸಂಗೀತ ಶಾಲೆ ಆರಂಭವಾಯಿತು. 2021ರಲ್ಲಿ ಆ ಆವರಣವನ್ನು ಬಿಟ್ಟುಹೋಗುವವರೆಗೆ ಬ್ರಿಟಿಷ್ ಸೇನೆಯ ಬ್ಯಾಂಡ್ ಮಾಸ್ಟರುಗಳು ತಯಾರಾದದ್ದು ಅಲ್ಲಿಯೇ. ಎಲ್ಲರೂ ಒಂದೇ ಗುರುಕುಲದಿಂದ ಬಂದವರಾದ್ದರಿಂದ ಕ್ಲಾರಿನೆಟ್, ಕಾರ್ನೆಟ್, ಯೂಫೋನಿಯಂಗಳೆಂಬ ಊದುವ ವಾದ್ಯಗಳ ಸಮತೋಲ, ಮಧ್ಯಮ ಸ್ಥಾಯಿಯ ತುಂಬು ನಾದ, ಹಿತ್ತಾಳೆ ವಾದ್ಯಗಳ ಅಬ್ಬರಕ್ಕೆ ಹಾಕಿದ ಕಡಿವಾಣ, ಇವು ಬ್ರಿಟಿಷ್ ಬ್ಯಾಂಡಿನ ಸಾಮಾನ್ಯ ಲಕ್ಷಣಗಳಾದವು.

ಈ ಪರಂಪರೆಯ ಕವಲುಗಳು ನಮ್ಮ ನೆಲದಲ್ಲಿಯೂ ಇವೆ. ಮೈಸೂರು ಅರಮನೆಯ ವಾದ್ಯವೃಂದದ ಉತ್ತರಾಧಿಕಾರಿಯಾದ ಪೊಲೀಸ್ ಬ್ಯಾಂಡಿನಲ್ಲಿ ಕರ್ನಾಟಕ ಶೈಲಿಯ ವೃಂದದ ಜೊತೆಗೆ ಆಂಗ್ಲ ಶೈಲಿಯ ವೃಂದವೂ ಇದ್ದು, ದಸರೆಯ ದಿನಗಳಲ್ಲಿ ಅದನ್ನು ಕೇಳಬಹುದು. ದೆಹಲಿಯ ವಿಜಯ್ ಚೌಕದಲ್ಲಿ ಜನವರಿ 29ರಂದು ನಡೆಯುವ ‘ಬೀಟಿಂಗ್ ರಿಟ್ರೀಟ್’ ಸಮಾರಂಭದಲ್ಲಿ ಬ್ರಿಟಿಷ್ ಸಂಯೋಜಕ ಥಾಮಸ್ ಬಿಡ್‌ಗುಡ್‌ನ ‘ಸನ್ಸ್ ಆಫ್ ದಿ ಬ್ರೇವ್’ ಅನೇಕ ವರ್ಷ ಕೇಳಿಬಂದಿದೆ. ಬ್ಯಾಂಡುಗಳು ರೈಸಿನಾ ಗುಡ್ಡದ ಕಡೆಗೆ ಮರಳುವಾಗ ನುಡಿಸುವ ‘ಸಾರೇ ಜಹಾಂ ಸೆ ಅಚ್ಛಾ’ ಮೂಲತಃ ಉರ್ದು ಗೀತೆ. ಜನರ ಬಾಯಲ್ಲಿದ್ದ ಹಾಡನ್ನು ಪಡೆಯ ಹೆಜ್ಜೆಗೆ ಒಗ್ಗಿಸುವ ಆ ಕ್ರಮ ಬ್ರಿಟಿಷ್ ರೆಜಿಮೆಂಟುಗಳು ನಡೆದುಬಂದ ದಾರಿಯೇ ಆಗಿದೆ.

ಅಮೆರಿಕದಲ್ಲಿ ಕಥೆ ಬೇರೆ ದಿಕ್ಕು ಹಿಡಿಯಿತು. ಅಲ್ಲಿಯೂ ಸೇನಾ ಬ್ಯಾಂಡಿನ ಪರಂಪರೆ ಹಳೆಯದೇ. ಅಧ್ಯಕ್ಷರ ಸ್ವಂತ ಬ್ಯಾಂಡ್ ಎಂದು ಹೆಸರಾದ ಮರೀನ್ ಬ್ಯಾಂಡ್ 1798ರಲ್ಲಿ ಸ್ಥಾಪನೆಯಾಯಿತು. ಅದರ ಟ್ರಾಂಬೋನ್ ವಾದಕನೊಬ್ಬನ ಮಗ, 1854ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದ ಜಾನ್ ಫಿಲಿಪ್ ಸೂಸಾ, 1880ರಲ್ಲಿ ಆ ಬ್ಯಾಂಡಿನ ನಾಯಕನಾದ. ಹನ್ನೆರಡು ವರ್ಷ ನಡೆಸಿ, 1892ರಲ್ಲಿ ಸೇನೆಯನ್ನು ಬಿಟ್ಟು ಸ್ವಂತ ಬ್ಯಾಂಡ್ ಕಟ್ಟಿದ. ಈ ನಿರ್ಧಾರ ಅಮೆರಿಕನ್ ಮಾರ್ಚ್‌ನ ಹಣೆಬರಹವನ್ನು ಬರೆಯಿತು ಎಂದರೆ ತಪ್ಪಾಗಲಾರದು. ಮುಂದಿನ ಸುಮಾರು ನಾಲ್ಕು ದಶಕ ಸೂಸಾನ ಬ್ಯಾಂಡ್ ಊರೂರು ಸುತ್ತಿ, ಟಿಕೆಟ್ ಕೊಂಡು ಬಂದವರ ಎದುರು ಕುಳಿತು ನುಡಿಸಿತು. ರಸ್ತೆಯಲ್ಲಿ ನಡೆಯುತ್ತ ನುಡಿಸಿದ್ದು ಆ ಅವಧಿಯಲ್ಲಿ ತೀರ ಅಪರೂಪ. ಮಾರ್ಚ್ ರಾಜನೆಂದು ಹೆಸರಾದವನ ಬ್ಯಾಂಡ್ ಮಾರ್ಚ್ ಮಾಡುತ್ತಲೇ ಇರಲಿಲ್ಲ ಎಂಬುದು ಮೊದಲ ಸಲ ಕೇಳಿದವರಿಗೆ ವಿಚಿತ್ರವೆನಿಸಬಹುದು, ಆದರೆ ಅವನ ಸಂಗೀತದ ಒಳಗುಟ್ಟು ಅದರಲ್ಲಿಯೇ ಇದೆ. ಕೇಳುವವನು ಒಂದೇ ಕಡೆ ಕುಳಿತಿರುತ್ತಾನೆ, ಮೊದಲಿನಿಂದ ಕೊನೆಯವರೆಗೂ ಕೇಳುತ್ತಾನೆ. ಅವನ ಆಸಕ್ತಿ ಏರುತ್ತಲೇ ಹೋಗಬೇಕು. ಸಮಾರಂಭವೊಂದಕ್ಕೆ ಬರೆದ ಮಾರ್ಚ್ ಕೂಡ ಬೇಗನೆ ಸಭಿಕರ ಸೊತ್ತಾಗುತ್ತಿತ್ತು. ‘ದಿ ವಾಷಿಂಗ್ಟನ್ ಪೋಸ್ಟ್’ ಅಂಥದೊಂದು: 1889ರಲ್ಲಿ ಆ ಹೆಸರಿನ ಪತ್ರಿಕೆ ಶಾಲಾ ಮಕ್ಕಳಿಗಾಗಿ ಏರ್ಪಡಿಸಿದ ಪ್ರಬಂಧ ಸ್ಪರ್ಧೆಯ ಬಹುಮಾನ ವಿತರಣೆಗೆ ಸೂಸಾ ಬರೆದ ಈ ಮಾರ್ಚ್, ಆಗಷ್ಟೇ ಹೊಸದಾಗಿದ್ದ ಟೂ-ಸ್ಟೆಪ್ ಎಂಬ ಜೋಡಿ ಕುಣಿತಕ್ಕೆ ಹೇಳಿ ಮಾಡಿಸಿದಂತಿತ್ತು, ಯುರೋಪಿನ ಕೆಲವೆಡೆ ಆ ಕುಣಿತವನ್ನೇ ‘ವಾಷಿಂಗ್ಟನ್ ಪೋಸ್ಟ್’ ಎಂದು ಕರೆದರು. ಅದರ ಹಕ್ಕನ್ನು ಸೂಸಾ ಪ್ರಕಾಶಕನಿಗೆ ಮಾರಿದ್ದು 35 ಡಾಲರಿಗೆ.

ಈಗ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’ ಅನ್ನು ಹತ್ತಿರದಿಂದ ನೋಡಬಹುದು. 1896ರ ಕೊನೆಯಲ್ಲಿ, ತನ್ನ ವ್ಯವಸ್ಥಾಪಕನ ಮರಣದ ಸುದ್ದಿ ತಿಳಿದು ಯುರೋಪಿನಿಂದ ಹಡಗಿನಲ್ಲಿ ಮರಳುತ್ತಿದ್ದಾಗ ಸೂಸಾನ ಮನಸ್ಸಿನಲ್ಲಿ ಇದು ರೂಪುಗೊಂಡಿತು. 1897ರ ಮೇ 14ರಂದು ಫಿಲಡೆಲ್ಫಿಯಾದಲ್ಲಿ ಇದನ್ನು ನುಡಿಸಲಾಯಿತು. ಮೊದಲ ನಾಲ್ಕು ಆವರ್ತಗಳಲ್ಲಿ ಬ್ಯಾಂಡೆಲ್ಲ ಒಟ್ಟಾಗಿ ಗಮನ ಸೆಳೆಯುತ್ತದೆ. ಬಳಿಕ 16 ಆವರ್ತಗಳ ಮೊದಲ ಖಂಡ, ಎರಡು ಸಲ. ಅನಂತರ ಎರಡನೆಯ ಖಂಡ, ಅದೂ ಎರಡು ಸಲ. ಇಲ್ಲಿಯವರೆಗೆ ಯಾವ ದೇಶದ ಮಾರ್ಚ್ ಆದರೂ ಹೀಗೆಯೇ ಇದ್ದೀತು. ಅನಂತರ ಬರುವುದು ಟ್ರಿಯೋ ಎಂಬ ಭಾಗ. ಇಲ್ಲಿ ಶ್ರುತಿ ಮಧ್ಯಮಕ್ಕೆ ಸರಿಯುತ್ತದೆ. ಕರ್ನಾಟಕ ಸಂಗೀತದ ಪರಿಚಯವಿರುವವರು ಪುನ್ನಾಗವರಾಳಿ, ಚೆಂಚುರುಟಿಗಳಂಥ ರಾಗಗಳನ್ನು ಮಧ್ಯಮ ಶ್ರುತಿಯಲ್ಲಿ ಹಾಡುವುದನ್ನು ಕೇಳಿರುತ್ತಾರೆ. ಮಧ್ಯಮವೇ ಷಡ್ಜವಾದಾಗ ಹಾಡಿನ ಭಾವ ಒಂದಿಷ್ಟು ಮೆತ್ತಗಾಗಿ, ಹೊಸ ಬೆಳಕು ಬಿದ್ದಂತಾಗುವುದನ್ನು ಅವರು ಬಲ್ಲರು. ಟ್ರಿಯೋದಲ್ಲಿ ಆಗುವುದೂ ಅದೇ. ಅಬ್ಬರ ಇಳಿದು, 32 ಆವರ್ತಗಳ ದೀರ್ಘವಾದ, ಹಾಡಿಕೊಳ್ಳಬಹುದಾದ ಸ್ವರಮಾಲೆಯೊಂದು ಮೃದುವಾಗಿ ಬರುತ್ತದೆ.

ಇದರ ಬೆನ್ನಿಗೇ ಅಮೆರಿಕನ್ ಮಾರ್ಚ್‌ನ ವೈಶಿಷ್ಟ್ಯವೆನ್ನಬಹುದಾದ ಭಾಗ ಬರುತ್ತದೆ. ವಾದಕರು ಅದನ್ನು ‘ಡಾಗ್‌ಫೈಟ್’ ಎನ್ನುತ್ತಾರೆ. ತಗ್ಗಿನ ಹಿತ್ತಾಳೆ ವಾದ್ಯಗಳು ಒಂದು ಕಡೆಯಿಂದ ಗುಡುಗುತ್ತವೆ, ಮೇಲಿನ ವಾದ್ಯಗಳು ಇನ್ನೊಂದು ಕಡೆಯಿಂದ ಉತ್ತರ ಕೊಡುತ್ತವೆ. ಸ್ವರಗಳು ಅರ್ಧರ್ಧ ಮೆಟ್ಟಿಲು ಜಾರುತ್ತ, ಶ್ರುತಿ ಎಲ್ಲಿದೆ ಎಂದು ಗೊತ್ತಾಗದಷ್ಟು ಗಲಿಬಿಲಿಯನ್ನು 24 ಆವರ್ತಗಳ ಉದ್ದಕ್ಕೂ ಎಬ್ಬಿಸಿ, ಕೊನೆಗೆ ಅದೇ ಟ್ರಿಯೋದ ರಾಗಕ್ಕೆ ತಂದು ಬಿಡುತ್ತವೆ. ಈ ಸಲ ಆ ರಾಗದ ಮೇಲೆ ಪಿಕೊಲೊ ಎಂಬ ಪುಟ್ಟ ಕೊಳಲು ತನ್ನದೇ ಸ್ವರಗಳ ಕಸೂತಿ ಹಾಕುತ್ತದೆ. ಮತ್ತೊಮ್ಮೆ ಡಾಗ್‌ಫೈಟ್. ಮೂರನೆಯ ಸಲ ಟ್ರಿಯೋ ಬಂದಾಗ ಮೂಲ ರಾಗ, ಮೇಲೆ ಪಿಕೊಲೊ, ಕೆಳಗೆ ಟ್ರಾಂಬೋನುಗಳ ಎದುರು ರಾಗ, ಮೂರೂ ಒಟ್ಟಿಗೆ ಮೊಳಗುತ್ತವೆ. ಕಛೇರಿಗಳಲ್ಲಿ ಸೂಸಾ ಪಿಕೊಲೊ ವಾದಕರನ್ನೂ ಅನಂತರ ಹಿತ್ತಾಳೆ ವಾದಕರನ್ನೂ ವೇದಿಕೆಯ ಮುಂಭಾಗಕ್ಕೆ ಸಾಲಾಗಿ ಕರೆತರುತ್ತಿದ್ದ. ಇಷ್ಟಾದ ಮೇಲೆ ಮೊದಲ ಖಂಡಕ್ಕೆ ಮರಳಿದರೆ ಕಟ್ಟಿದ್ದೆಲ್ಲ ಇಳಿದುಹೋಗುತ್ತದೆ. ಆದ್ದರಿಂದ ಅವನು ಮರಳುವುದಿಲ್ಲ. ಟ್ರಿಯೋದಿಂದ ಮೊದಲಿಗೆ ಹಿಂದಿರುಗುವ ಯುರೋಪಿನ ಹಳೆಯ ವಾಡಿಕೆಯನ್ನು ಕೈಬಿಟ್ಟದ್ದು ಅಮೆರಿಕನ್ ಸಂಯೋಜಕರ ನಿಜವಾದ ಸಾಧನೆ ಎಂದು ನನಗನ್ನಿಸುತ್ತದೆ. ನಡಿಗೆಗೆ ಆಸರೆಯಾಗಿದ್ದ ಸಂಗೀತವನ್ನು ಅವರು ಆದಿ ಅಂತ್ಯವುಳ್ಳ ಕೃತಿಯನ್ನಾಗಿ ಮಾಡಿದರು.

ಇಂಗ್ಲಿಷ್ ಸಂಯೋಜಕ ಎಲ್ಗರ್ 1901ರಲ್ಲಿ ಬರೆದ ‘ಪಾಂಪ್ ಅಂಡ್ ಸರ್ಕಮ್‌ಸ್ಟೆನ್ಸ್’ ಸರಣಿಯ ಮೊದಲ ಮಾರ್ಚ್ ಜೊತೆಗೆ ಇದನ್ನು ಹೋಲಿಸಿದರೆ ವ್ಯತ್ಯಾಸ ಇನ್ನಷ್ಟು ನಿಚ್ಚಳವಾಗುತ್ತದೆ. ಅದು ಸೇನಾ ಬ್ಯಾಂಡಿಗಲ್ಲ, ದೊಡ್ಡ ಆರ್ಕೆಸ್ಟ್ರಾಗೆ ಬರೆದ ಕಛೇರಿಯ ಮಾರ್ಚ್ ನಿಜ; ಆದರೂ ಬ್ರಿಟಿಷ್ ಮನೋಧರ್ಮವನ್ನು ಅದು ಚೆನ್ನಾಗಿ ತೋರಿಸುತ್ತದೆ. ಅಲ್ಲಿಯೂ ಟ್ರಿಯೋ ಮಧ್ಯಮಕ್ಕೆ ಸರಿಯುತ್ತದೆ, ಅಲ್ಲಿಯೂ ಆ ರಾಗವೇ ಲೋಕಪ್ರಸಿದ್ಧವಾದದ್ದು. ಆದರೆ ಎಲ್ಗರ್ ಅಲ್ಲಿಂದ ಮೊದಲ ಭಾಗಕ್ಕೆ ಮರಳುತ್ತಾನೆ, ಮೂಲ ಷಡ್ಜವನ್ನು ಮತ್ತೆ ಸ್ಥಾಪಿಸುತ್ತಾನೆ, ಅನಂತರ ಟ್ರಿಯೋದ ರಾಗವನ್ನು ಆ ಮೂಲ ಶ್ರುತಿಗೇ ತಂದು ಮೊಳಗಿಸುತ್ತಾನೆ. ಸೂಸಾ ಕಂಡುಕೊಂಡ ಹೊಸ ನೆಲದಲ್ಲಿಯೇ ನೆಲೆಸಿದರೆ, ಎಲ್ಗರ್ ಅಲ್ಲಿಂದ ತಂದದ್ದನ್ನು ಮನೆಗೆ ಒಪ್ಪಿಸುತ್ತಾನೆ. 1905ರಲ್ಲಿ ಯೇಲ್ ವಿಶ್ವವಿದ್ಯಾಲಯ ಎಲ್ಗರ್‌ಗೆ ಗೌರವ ಡಾಕ್ಟರೇಟ್ ನೀಡಿದಾಗ ಈ ಮಾರ್ಚ್ ಅನ್ನು ನುಡಿಸಲಾಯಿತು. ಇಂದು ಅಮೆರಿಕದ ಘಟಿಕೋತ್ಸವಗಳಲ್ಲಿ ವಿದ್ಯಾರ್ಥಿಗಳು ಸಾಲಾಗಿ ಬರುವಾಗ ಕೇಳುವುದು ಅದರ ಟ್ರಿಯೋ ಮಾತ್ರ. ಅಮೆರಿಕನ್ನರ ಕಿವಿ ಟ್ರಿಯೋವನ್ನೇ ಮಾರ್ಚ್‌ನ ಗುರಿಯೆಂದು ಬಗೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಅಚ್ಚಾದ ಸ್ವರಲಿಪಿಯಲ್ಲಿ ಕಾಣದ ಭೇದಗಳೂ ಇವೆ. ಸೂಸಾ ತನ್ನ ಬ್ಯಾಂಡಿನಲ್ಲಿ ಒಂದು ಖಂಡವನ್ನು ಎರಡು ಸಲ ನುಡಿಸುವಾಗ ಎರಡನ್ನೂ ಒಂದೇ ತರಹ ನುಡಿಸುತ್ತಿರಲಿಲ್ಲ. ಮೊದಲ ಸಲ ಹಿತ್ತಾಳೆ ವಾದ್ಯಗಳನ್ನೂ ಪಿಕೊಲೊವನ್ನೂ ಕಂಚಿನ ತಾಳಗಳನ್ನೂ ಸುಮ್ಮನಿರಿಸಿ, ಕ್ಲಾರಿನೆಟ್‌ಗಳನ್ನು ಒಂದು ಸ್ಥಾಯಿ ಕೆಳಗೆ ನುಡಿಸಿ, ಎರಡನೆಯ ಸಲ ಎಲ್ಲವನ್ನೂ ಒಮ್ಮೆಲೇ ಬಿಡುತ್ತಿದ್ದ. ಇದರಲ್ಲಿ ಎಷ್ಟೋ ಅಂಶಗಳನ್ನು ಮುದ್ರಿತ ಪ್ರತಿಯಲ್ಲಿ ಹಾಕುತ್ತಿರಲಿಲ್ಲ. ಅವು ತಂಡದ ವಾದಕರ ನೆನಪಿನಲ್ಲಿ ಉಳಿದು, ಕೈಯಿಂದ ಕೈಗೆ ಬಂದವು. ಅವನ ದೊಡ್ಡ ಡ್ರಮ್ಮಿನ ವಾದಕ ಆಗಸ್ಟ್ ಹೆಲ್ಮೆಕೆ ಅನಿರೀಕ್ಷಿತ ಜಾಗಗಳಲ್ಲಿ, ಕೆಲವೊಮ್ಮೆ ದುರ್ಬಲವಾದ ಏಟಿನ ಮೇಲೆಯೂ, ಕೊಡುತ್ತಿದ್ದ ಒತ್ತುಗಳು ಆ ಸಂಗೀತದ ಅವಿಭಾಜ್ಯ ಅಂಗವೆಂದು ಇಂದಿಗೂ ಬ್ಯಾಂಡ್ ನಾಯಕರು ಪರಿಗಣಿಸುತ್ತಾರೆ. ನಡೆಯುವ ಪಡೆಗೆ ದೊಡ್ಡ ಡ್ರಮ್ ಹೀಗೆ ಆಟವಾಡುವಂತಿಲ್ಲ. ಬ್ರಿಟಿಷ್ ಪರೇಡಿನಲ್ಲಿ ಅದರ ಏಟು ಸಾವಿರ ಕಾಲುಗಳಿಗೆ ಆಧಾರ; ಒತ್ತು ತಪ್ಪಿದರೆ ಸಾಲು ತಪ್ಪುತ್ತದೆ. ಅಲ್ಲಿನ ವೈಭವ ಕಣ್ಣಿಗೆ ಕಾಣುವಂಥದು: ಚಿರತೆ ಚರ್ಮದ ಮಾದರಿಯ ಹೊದಿಕೆ ತೊಟ್ಟ ಡ್ರಮ್ ವಾದಕ, ಬೆಳ್ಳಿಯ ಹಿಡಿಯ ದಂಡ ಹಿಡಿದ ಡ್ರಮ್ ಮೇಜರ್, ಪಿಕೊಲೊಗಳ ಬದಲು ಪ್ರತ್ಯೇಕ ದಳವಾಗಿ ಬರುವ ಸಣ್ಣ ಕೊಳಲುಗಳು ಮತ್ತು ಸೊಂಟದ ಪಕ್ಕಕ್ಕೆ ತೂಗುಹಾಕಿದ ಡ್ರಮ್ಮುಗಳು, ಸ್ಕಾಟಿಷ್ ಮತ್ತು ಐರಿಷ್ ಪಡೆಗಳಾದರೆ ಬ್ಯಾಗ್‌ಪೈಪ್‌ಗಳು.

ಪಡೆಯ ಹಿಡಿತದಿಂದ ಬಿಡಿಸಿಕೊಂಡ ಅಮೆರಿಕನ್ ಮಾರ್ಚ್ ಹೋದ ಜಾಗಗಳು ಹಲವು: ಉದ್ಯಾನದ ಮಂಟಪಗಳು, ಕಾಲೇಜಿನ ಫುಟ್‌ಬಾಲ್ ಮೈದಾನಗಳು, ಶಾಲೆಗಳು. ಸರ್ಕಸ್ಸಿನ ಡೇರೆಗೂ ಅದು ಹೊಕ್ಕಿತು. ಕಾರ್ಲ್ ಕಿಂಗ್ 1913ರಲ್ಲಿ ಬರೆದ ‘ಬಾರ್ನಮ್ ಅಂಡ್ ಬೈಲೀಸ್ ಫೇವರಿಟ್’ ಯಾವ ಸೈನಿಕನ ಕಾಲಿಗೂ ನಿಲುಕದ ವೇಗದಲ್ಲಿ ಓಡುತ್ತದೆ, ಏಕೆಂದರೆ ಅದು ಕುದುರೆಗಳಿಗೂ ಕಸರತ್ತಿನವರಿಗೂ ಬರೆದದ್ದು. ಅದೇ ಸರ್ಕಸ್ ಲೋಕದಲ್ಲಿ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’ ಅನ್ನು ಆಟದ ನಡುವೆ ನುಡಿಸುವಂತಿರಲಿಲ್ಲ. ಡೇರೆಗೆ ಬೆಂಕಿ ಬಿದ್ದಿದೆ, ಪ್ರಾಣಿ ತಪ್ಪಿಸಿಕೊಂಡಿದೆ ಎಂಬಂಥ ಅಪಾಯವನ್ನು ಪ್ರೇಕ್ಷಕರಿಗೆ ಗಾಬರಿಯಾಗದಂತೆ ಸಿಬ್ಬಂದಿಗೆ ತಿಳಿಸುವ ಸಂಕೇತವಾಗಿ ಅದನ್ನು ಕಾದಿರಿಸಲಾಗಿತ್ತು. 1944ರ ಜುಲೈ 6ರಂದು ಹಾರ್ಟ್‌ಫರ್ಡ್ ನಗರದಲ್ಲಿ ಸರ್ಕಸ್ ಡೇರೆ ಹೊತ್ತಿ ಉರಿದು 160ಕ್ಕೂ ಹೆಚ್ಚು ಜನ ಸತ್ತ ದಿನ, ಬ್ಯಾಂಡ್ ನಾಯಕ ಮರ್ಲ್ ಎವಾನ್ಸ್ ತನ್ನ ವಾದಕರಿಂದ ನುಡಿಸಿದ್ದು ಇದನ್ನೇ.

ಬ್ರಿಟನ್ನಿನಲ್ಲಿ ಸೂಸಾನಿಗೆ ಸರಿದೊರೆಯೆನ್ನಬಹುದಾದ ಸಂಯೋಜಕ ಒಬ್ಬನಿದ್ದ. ಅವನ ಹೆಸರು ಮಾರ್ಚ್‌ಗಳ ಮುಖಪುಟದಲ್ಲಿ ಇಲ್ಲ. ಫ್ರೆಡರಿಕ್ ಜೋಸೆಫ್ ರಿಕೆಟ್ಸ್ 1881ರಲ್ಲಿ ಲಂಡನ್ನಿನ ಬಡ ಬಡಾವಣೆಯೊಂದರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ರಾಯಲ್ ಐರಿಷ್ ರೆಜಿಮೆಂಟಿನ ಬ್ಯಾಂಡ್ ಸೇರಿ, ಆ ಪಡೆಯೊಂದಿಗೆ ಭಾರತದಲ್ಲಿಯೂ ಇದ್ದು, ಬಳಿಕ ನೆಲರ್ ಹಾಲ್‌ನಲ್ಲಿ ಕಲಿತು, ಆರ್ಗೈಲ್ ಅಂಡ್ ಸದರ್‌ಲೆಂಡ್ ಹೈಲ್ಯಾಂಡರ್ಸ್ ಪಡೆಯ ಬ್ಯಾಂಡ್ ಮಾಸ್ಟರನಾದ. ಸೇವೆಯಲ್ಲಿದ್ದವರು ಹೊರಗಿನ ವ್ಯವಹಾರಕ್ಕೆ ಕೈಹಾಕುವುದನ್ನು ಮೇಲಿನವರು ಮೆಚ್ಚುತ್ತಿರಲಿಲ್ಲವಾದ್ದರಿಂದ ಕೆನೆತ್ ಆಲ್ಫರ್ಡ್ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಸೂಸಾ ತನ್ನ ಹೆಸರನ್ನೇ ಊರೂರಿನ ಭಿತ್ತಿಪತ್ರಗಳಲ್ಲಿ ಹಾಕಿಸಿದ ಕಾಲದಲ್ಲಿ, ಅವನಿಗೆ ಸಾಟಿಯಾದ ಬ್ರಿಟಿಷ್ ಸಂಯೋಜಕ ತನ್ನ ಹೆಸರನ್ನು ಮರೆಸಿಕೊಳ್ಳಬೇಕಾಗಿತ್ತು. ಸೂಸಾ 130ಕ್ಕೂ ಹೆಚ್ಚು ಮಾರ್ಚ್ ಬರೆದರೆ ಆಲ್ಫರ್ಡ್ ಪ್ರಕಟಿಸಿದ್ದು ಇಪ್ಪತ್ತರೊಳಗೆ. ಆದರೆ ಆ ಕೆಲವೇ ಮಾರ್ಚ್‌ಗಳಲ್ಲಿ ಸಡಿಲವಾದ ಆವರ್ತವೊಂದನ್ನು ಹುಡುಕುವುದು ಕಷ್ಟ.

ಅವನ ‘ಕರ್ನಲ್ ಬೋಗಿ’ 1914ರದ್ದು. ಸ್ಕಾಟ್ಲೆಂಡಿನ ಫೋರ್ಟ್ ಜಾರ್ಜ್‌ನಲ್ಲಿ ಅವನ ಜೊತೆ ಗಾಲ್ಫ್ ಆಡುತ್ತಿದ್ದ ಅಧಿಕಾರಿಯೊಬ್ಬರು, ಚೆಂಡು ಬರುತ್ತಿದೆ ಎಂದು ಕೂಗುವ ಬದಲು ಎರಡು ಸ್ವರಗಳ ಸಿಳ್ಳೆ ಹಾಕುತ್ತಿದ್ದರಂತೆ: ಪಂಚಮದಿಂದ ಅಂತರ ಗಾಂಧಾರಕ್ಕೆ ಇಳಿಯುವ ಎರಡು ಸ್ವರ. ಮಾರ್ಚ್‌ನ ಪ್ರಸಿದ್ಧ ರಾಗ ಆರಂಭವಾಗುವುದು ಆ ಎರಡು ಸ್ವರಗಳಿಂದ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ಇದಕ್ಕೆ ಹಿಟ್ಲರನನ್ನು ಹೀಯಾಳಿಸುವ ಪೋಲಿ ಸಾಹಿತ್ಯ ಕಟ್ಟಿಕೊಂಡರು. 1957ರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಲನಚಿತ್ರದಲ್ಲಿ ಯುದ್ಧಕೈದಿಗಳು ಅದನ್ನು ಸಿಳ್ಳೆಯಲ್ಲಿ ನುಡಿದು ನಡೆದದ್ದರಿಂದ ಲೋಕವೆಲ್ಲ ಅದನ್ನು ಬಲ್ಲದು, ಆದರೆ ಬಲ್ಲದ್ದು ಮೊದಲ ಖಂಡವನ್ನು ಮಾತ್ರ. ಟ್ರಿಯೋಗೆ ಬೆಲೆ ಕೊಡುವ ಅಮೆರಿಕನ್ ಅಭ್ಯಾಸಕ್ಕೆ ಇದು ಸರಿಯಾಗಿ ವಿರುದ್ಧ.

ಆಲ್ಫರ್ಡ್‌ನ ಮಾರ್ಚ್‌ಗಳಲ್ಲಿಯೂ ಶ್ರುತಿ ಬದಲಾಗುವ ಟ್ರಿಯೋ ಇದೆ, ಆದ್ದರಿಂದ ಹೊರ ಆಕಾರದಿಂದಷ್ಟೇ ಅವನನ್ನು ಸೂಸಾನಿಂದ ಬೇರೆ ಮಾಡಲಾಗದು. ಬೇರೆ ಮಾಡುವುದು ಒಳನೇಯ್ಗೆ. ಸೂಸಾ ಎದುರು ರಾಗವನ್ನು ಕೊನೆಯವರೆಗೆ ಬಚ್ಚಿಟ್ಟು ಒಮ್ಮೆಲೇ ಹೊರಗೆಡಹುತ್ತಾನೆ. ಆಲ್ಫರ್ಡ್ ಮೊದಲ ಖಂಡದಿಂದಲೇ ಯೂಫೋನಿಯಂ, ಸ್ಯಾಕ್ಸೊಫೋನುಗಳಲ್ಲಿ ಎರಡನೆಯ ರಾಗವೊಂದನ್ನು ಹರಿಯಬಿಟ್ಟಿರುತ್ತಾನೆ, ಮೂರು ನಾಲ್ಕು ಸಲ ಕೇಳಿದ ಮೇಲಷ್ಟೇ ಅದು ಕಿವಿಗೆ ಸಿಗುತ್ತದೆ. ಅವನ ವಸ್ತು ಹೆಚ್ಚಾಗಿ ಯಾವುದಾದರೊಂದು ಪಡೆ. ‘ದಿ ಥಿನ್ ರೆಡ್ ಲೈನ್’ 1854ರಲ್ಲಿ ಬಾಲಕ್ಲಾವಾದಲ್ಲಿ ರಷ್ಯದ ಅಶ್ವದಳವನ್ನು ತಡೆದು ನಿಂತ, ತನ್ನ ರೆಜಿಮೆಂಟಿನ ಪೂರ್ವಿಕರದ್ದು, ‘ಎಚ್.ಎಂ. ಜಾಲೀಸ್’ 1927ರಿಂದ ಅವನು ಸೇವೆ ಸಲ್ಲಿಸಿದ ರಾಯಲ್ ಮರೀನ್ಸ್‌ನವರದ್ದು. ಮೊದಲ ಮಹಾಯುದ್ಧ ಮುಗಿದ 1918ರಲ್ಲಿ ಬರೆದ ‘ದಿ ವ್ಯಾನಿಶ್ಡ್ ಆರ್ಮಿ’ ಆ ಯುದ್ಧದಲ್ಲಿ ಮಡಿದವರದ್ದು, ಮತ್ತು ಅದರಲ್ಲಿ ವಿಜಯದ ಅಬ್ಬರಕ್ಕಿಂತ ವಿಷಾದದ ಪಾಲೇ ಹೆಚ್ಚು. ಮಾರ್ಚ್ ಎಂಬ ಪ್ರಕಾರ ಇಷ್ಟು ದುಃಖವನ್ನು ಹೊರಬಲ್ಲದು ಎಂಬುದನ್ನು ತಿಳಿಯಲು ಇದನ್ನೊಮ್ಮೆ ಕೇಳಲೇಬೇಕು.

ಎರಡು ಪರಂಪರೆಗಳು ಒಂದನ್ನೊಂದು ಚೆನ್ನಾಗಿಯೇ ಬಲ್ಲವು. ಸೂಸಾನನ್ನು ಮಾರ್ಚ್ ರಾಜನೆಂದು ಮೊದಲು ಕರೆದವನು ಒಬ್ಬ ಬ್ರಿಟಿಷ್ ಪತ್ರಕರ್ತ. 1900ರಲ್ಲಿ ಚೀನಾದ ಬಾಕ್ಸರ್ ದಂಗೆಯ ಕಾಲದಲ್ಲಿ ಅಮೆರಿಕದ ಮರೀನ್ ಪಡೆಯೂ ಬ್ರಿಟನ್ನಿನ ರಾಯಲ್ ವೆಲ್ಚ್ ಫ್ಯೂಸಿಲಿಯರ್ಸ್ ಪಡೆಯೂ ಜೊತೆಯಾಗಿ ಕಾದಿದ್ದವು. ಆ ನಂಟಿನ ನೆನಪಿಗೆ ಸೂಸಾ ಫ್ಯೂಸಿಲಿಯರ್ಸ್‌ಗೆ ಮಾರ್ಚ್ ಬರೆದು, 1930ರ ಜೂನ್‌ನಲ್ಲಿ, ಸಾಯುವುದಕ್ಕೆ ಎರಡು ವರ್ಷ ಮೊದಲು, ಎಪ್ಪತ್ತೈದರ ಇಳಿವಯಸ್ಸಿನಲ್ಲಿ ಸಾಗರ ದಾಟಿ ಇಂಗ್ಲೆಂಡಿನ ಟಿಡ್‌ವರ್ತ್‌ಗೆ ಹೋಗಿ ಅದನ್ನು ಅವರಿಗೆ ಅರ್ಪಿಸಿದ. ಹನ್ನೆರಡು ವರ್ಷದ ಬಳಿಕ, 1942ರಲ್ಲಿ, ಆಲ್ಫರ್ಡ್ ತನ್ನ ಕೊನೆಯ ಮಾರ್ಚ್‌ಗಳಲ್ಲೊಂದಾದ ‘ಈಗಲ್ ಸ್ಕ್ವಾಡ್ರನ್’ ಅನ್ನು ಬ್ರಿಟನ್ನಿನ ವಾಯುಪಡೆಗೆ ಸ್ವಇಚ್ಛೆಯಿಂದ ಸೇರಿ ಹೋರಾಡಿದ ಅಮೆರಿಕನ್ ವಿಮಾನ ಚಾಲಕರಿಗಾಗಿ ಬರೆದ. ಅಮೆರಿಕನ್ನರಿಗೆಂದು ಬರೆಯುವಾಗಲೂ ಅವನು ಬರೆದದ್ದು ಒಂದು ನಿರ್ದಿಷ್ಟ ಪಡೆಗೆ.